ಒಮ್ಮೆ ಚಾಲೂ, ಒಮ್ಮೆ ಬಂದ್: ಹಳೇ ಕಂಪ್ಯೂಟರಿನ ನಾಡಿ ಹಿಡಿಯುವುದು ಹೇಗೆ?

ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ. ಮತ್ತೆ ಒತ್ತಿದರೂ ಅಷ್ಟೇ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಏನೂ ಆಗಿಯೇ ಇಲ್ಲ ಎಂಬಂತೆ ಚಾಲೂ ಆಗಿ ಸಂಜೆವರೆಗೂ ಓಡುತ್ತದೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಮೂಲೆಯಲ್ಲಿ ಇಂಥದ್ದೊಂದು ಡೆಸ್ಕ್‌ಟಾಪ್ ಕುಳಿತಿರುತ್ತದೆ. ಅಂಗಡಿಗೆ ಒಯ್ದರೆ ಸಿಗುವ ಮದ್ದು ಒಂದೇ: ‘ವಿಂಡೋಸ್ ಹೋಗೇತ್ರೀ, ಫಾರ್ಮ್ಯಾಟ್ ಹೊಡೀಬೇಕು.’ ಫಾರ್ಮ್ಯಾಟ್ ಆಗುತ್ತದೆ. ಮಕ್ಕಳ ಫೋಟೊ ಹೋಗುತ್ತವೆ, ರೊಕ್ಕವೂ ಹೋಗುತ್ತದೆ. ಎಂಟು ದಿನಕ್ಕೆ ಮತ್ತೆ ಅದೇ ರೋಗ.

ಪರದೆಯ ಮೇಲೆ ವಿಂಡೋಸ್ ಗುರುತು ಬರುವ ಮೊದಲೇ ಯಂತ್ರ ಮುಗ್ಗರಿಸುತ್ತಿದ್ದರೆ ಫಾರ್ಮ್ಯಾಟ್‌ನಿಂದ ಏನೂ ಆಗದು. ವಿಂಡೋಸ್ ಇನ್ನೂ ಎದ್ದೇ ಇಲ್ಲವಲ್ಲ! ಒಮ್ಮೆ ಚಾಲೂ ಆಗಿ ಒಮ್ಮೆ ಆಗದಿದ್ದರೆ ಅದು ಹೆಚ್ಚಾಗಿ ಕರೆಂಟಿನ ಇಲ್ಲವೇ ಕನೆಕ್ಷನ್ನಿನ ತಕರಾರು. ಅದನ್ನು ಮನೆಯಲ್ಲೇ ಪತ್ತೆ ಮಾಡಬಹುದು.

ಮೊದಲು ನೋಡಿ, ಬರೆದಿಡಿ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಎರಡು ಮೂರು ದಿನ ಸುಮ್ನೆ ಗಮನಿಸಿ. ಬಟನ್ ಒತ್ತಿದಾಗ ಏನೂ ಆಗುವುದಿಲ್ಲವೇ? ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇದೆಯೇ? ಚೆನ್ನಾಗಿ ಚಾಲೂ ಆಗಿ ಹತ್ತು ನಿಮಿಷಕ್ಕೆ ಬಂದ್ ಆಗುತ್ತದೆಯೇ? ರೀಸ್ಟಾರ್ಟ್ ಸರಿಯಾಗಿ ಆಗಿ, ರಾತ್ರಿಯೆಲ್ಲ ಬಂದ್ ಇಟ್ಟು ಬೆಳಿಗ್ಗೆ ಹಚ್ಚಿದಾಗ ಮಾತ್ರ ಹಟ ಮಾಡುತ್ತದೆಯೇ? ಇವು ನಾಲ್ಕೂ ಬೇರೆ ಬೇರೆ ರೋಗಗಳು.

ಇವತ್ತು ಅದೃಷ್ಟಕ್ಕೆ ಚಾಲೂ ಆಗಿದ್ದರೆ ಮೊದಲು ಫೋಟೊ, ಕಾಗದಪತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ) ತಿಕ್ಕಿ, ಕೇಬಲ್ ಬದಲಿಸಿ, ಬ್ಯಾಟರಿ ಹಾಕಿ, ಎಲ್ಲ ಒಟ್ಟಿಗೇ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ಹೇಗೆ ಗೊತ್ತಾಗಬೇಕು?

ಹೊರಗಿನ ಕೆಲಸ

ಎಕ್ಸ್‌ಟೆನ್ಶನ್ ಬೋರ್ಡ್ ತೆಗೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಚ್ಚಿ ನೋಡಿ. ಸಂತೆಯಲ್ಲಿ ಸಿಗುವ ಹಗುರ ಬೋರ್ಡ್‌ಗಳ ಒಳಗಿನ ಪಟ್ಟಿ ವರ್ಷದೊಳಗೆ ಸಡಿಲಾಗುತ್ತದೆ. ಸಿಪಿಯು ಹಿಂದೆ ಸಿಕ್ಕಿಸುವ ವೈರನ್ನೂ ಬದಲಿಸಿ ನೋಡಿ.

ಚಾಲೂ ಆದ ನಾಲ್ಕೈದು ಸೆಕೆಂಡಿಗೆ ಪ್ರತಿ ಸಲ ಬಂದ್ ಆಗುತ್ತಿದ್ದರೆ ಮುಂದಿನ ಬಟನ್ ಒಳಗೇ ಸಿಕ್ಕಿಕೊಂಡಿರಬಹುದು. ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಯಂತ್ರ ತಾನಾಗಿ ಆರಬೇಕು ಎಂಬುದು ಅದರ ನಿಯಮ. ಜಿಗುಟಾದ ಬಟನ್ ಅದನ್ನೇ ಮಾಡುತ್ತಿರುತ್ತದೆ. ಇಷ್ಟಕ್ಕೇ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್) ಬದಲಿಸಿಕೊಂಡವರನ್ನೂ ನೋಡಿದ್ದೇನೆ.

ಧೂಳು

ಹುಬ್ಬಳ್ಳಿಯಲ್ಲಿ ಧೂಳಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಪ್ಲಗ್ ಕಿತ್ತು, ಬಟನ್ ಅನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಹರಿದುಹೋಗಲು ಬಿಡಿ. ಆಮೇಲೆ ಕ್ಯಾಬಿನೆಟ್ ಬಿಚ್ಚಿ, ಅಂಗಳಕ್ಕೆ ಒಯ್ದು, ಮೆತ್ತಗಿನ ಬ್ರಷ್ ಮತ್ತು ಬ್ಲೋವರ್‌ನಿಂದ ಊದಿ. ಗಾಳಿ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದಿರಿ. ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸುವ ಶಾರ್ಟ್‌ಕಟ್ ಮಾತ್ರ ಬೇಡವೇ ಬೇಡ. ಆ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿ, ಎಣ್ಣೆ ಎರಡೂ ಇರುತ್ತವೆ. ಹತ್ತು ನಿಮಿಷ ಓಡಿ ಬಂದ್ ಆಗುವ ಯಂತ್ರವಾದರೆ ಪ್ರೊಸೆಸರ್ ಮೇಲಿನ, ಅದರ ಬಿಸಿಯನ್ನು ಫ್ಯಾನ್ ಕಡೆಗೆ ದಾಟಿಸುವ ಒಣಗಿದ ಪೇಸ್ಟ್ ಒರೆಸಿ, ಕಾಳಿನಷ್ಟು ಹೊಸ ಪೇಸ್ಟ್ ಹಾಕಿ. ಅಷ್ಟು ಸಾಕು.

ಬ್ಯಾಟರಿ

ಮದರ್‌ಬೋರ್ಡ್ ಮೇಲಿನ ದುಂಡನೆಯ ಸೆಲ್ಲಿನ ಹೆಸರು ಸಿಆರ್ 2032, ಮೂರು ವೋಲ್ಟಿನದು. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ, ಎಫ್1 ಒತ್ತು ಎಂದು ಕೇಳುತ್ತಿದ್ದರೆ ಹೊಸದು ಹಾಕಿ. ಇಲ್ಲೊಂದು ಮೋಸವಿದೆ. ಸೆಲ್ ಸತ್ತಾಗ ಬಯೋಸ್ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಸೆಟ್ಟಿಂಗ್ ಕಂಪನಿಯಿಂದ ಬಂದಾಗಿನಂತಾಗಿ, ಹಾರ್ಡ್‌ಡಿಸ್ಕ್ ಓದುವ ಸಾಟಾ ಮೋಡ್ ಎಎಚ್‌ಸಿಐನಿಂದ ಐಡಿಇಗೆ ಜಾರಬಹುದು. ಆಗ ವಿಂಡೋಸ್ ನೀಲಿ ಪರದೆ ತೋರಿಸಿ ಬೀಳುತ್ತದೆ. ಬಯೋಸ್‌ನಲ್ಲಿ ಆ ಒಂದು ಸಾಲನ್ನು ಮತ್ತೆ ಎಎಚ್‌ಸಿಐ ಮಾಡಿದರೆ ಮುಗಿಯಿತು, ಫಾರ್ಮ್ಯಾಟ್ ಬೇಕಿಲ್ಲ.

ರ‍್ಯಾಮ್

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಕೆಲವೊಮ್ಮೆ ಬೀಪ್ ಬೀಪ್ ಸದ್ದು. ಹೀಗಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಅದನ್ನು ಹೊರತೆಗೆದು, ಬಂಗಾರ ಬಣ್ಣದ ಹಲ್ಲುಗಳನ್ನು ಬಿಳಿ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ. ಉಪ್ಪುಕಾಗದ ಹಿಡಿದು ತಿಕ್ಕುವವರಿದ್ದಾರೆ, ಅಲ್ಲಿಗೆ ಚಿನ್ನದ ಲೇಪ ಹೋಯಿತು. ಬಾಯಿಂದ ಸ್ಲಾಟ್ ಒಳಗೆ ಊದುವುದೂ ತಪ್ಪು, ಎಂಜಲಿನ ಹನಿ ಒಳಗೇ ಕೂರುತ್ತದೆ. ಮರಳಿ ಹಾಕುವಾಗ ಎರಡೂ ತುದಿಯ ಕ್ಲಿಪ್ ಟಕ್ ಎನ್ನಬೇಕು. ಒಂದು ಕಡೆ ಮಾತ್ರ ಟಕ್ ಎಂದರೆ ಕೂತಿಲ್ಲ ಎಂದೇ ಲೆಕ್ಕ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಎಲ್ಲರೂ ಎಡವುವ ಜಾಗ: ಎಸ್‌ಎಂಪಿಎಸ್

ತಣ್ಣಗಿದ್ದಾಗ ಏಳದೆ, ಮೂರ‍್ನಾಲ್ಕು ಸಲ ಒತ್ತಿದ ಮೇಲೆ ಏಳುವ ಕಂಪ್ಯೂಟರ್ ಇದ್ದರೆ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆಯೇ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸುವ ಡಬ್ಬಿಯ ಮೇಲೆ. ಧಾರವಾಡದ ಡಿಸೆಂಬರ್ ಚಳಿಯಲ್ಲಿ ಈ ದೂರು ಜಾಸ್ತಿ. ಕಾರಣ ಸರಳ. ಒಳಗೆ ಕರೆಂಟನ್ನು ಕೂಡಿಟ್ಟು ಕೊಡುವ ಕೆಪಾಸಿಟರ್‌ಗಳಲ್ಲಿ ಒಂದು ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಅದು ಆರುತ್ತದೆ. ಆರಿದ ಕೆಪಾಸಿಟರ್ ಚಳಿಯಲ್ಲಿ ಇನ್ನೂ ಮಂದ. ಪದೇ ಪದೇ ಒತ್ತಿದಾಗ ಅದು ಸ್ವಲ್ಪ ಬೆಚ್ಚಗಾಗಿ ಕೆಲಸಕ್ಕೆ ಬರುತ್ತದೆ. ಬಟನ್ ಒತ್ತಿದಾಗ ಎಸ್‌ಎಂಪಿಎಸ್ ತನ್ನ ವೋಲ್ಟೇಜ್ ಸ್ಥಿರ ಮಾಡಿಕೊಂಡು, ಅರ್ಧ ಸೆಕೆಂಡಿನೊಳಗೆ ಮದರ್‌ಬೋರ್ಡಿಗೆ ‘ಎಲ್ಲ ಸರಿ ಇದೆ’ ಎಂಬ ಸಿಗ್ನಲ್ ಕಳಿಸಬೇಕು. ಅದು ಬರದಿದ್ದರೆ ಬೋರ್ಡ್ ಏಳುವುದೇ ಇಲ್ಲ.

ಯೂಟ್ಯೂಬ್ ನೋಡಿ ಎಲ್ಲರೂ ಮಾಡುವ ಪರೀಕ್ಷೆ ಒಂದಿದೆ. ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಕಪ್ಪು ವೈರಿಗೂ ಪಿನ್ ಸಿಕ್ಕಿಸಿ ಫ್ಯಾನ್ ತಿರುಗಿಸುವುದು. ಫ್ಯಾನ್ ತಿರುಗಿತು, ಹಾಗಾದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದುಬಿಡುತ್ತಾರೆ. ಅದರ ಮೇಲೆ ಭಾರವೇ ಇಲ್ಲದಾಗ ತಿರುಗಿದರೆ ಏನು ಬಂತು? ಖಾಲಿ ಚಕ್ಕಡಿಯನ್ನು ಮುದಿ ಎತ್ತೂ ಎಳೆಯುತ್ತದೆ.

ಮಲ್ಟಿಮೀಟರ್ ಇದ್ದರೆ ಹೀಗೆ ಮಾಡಿ. ಒಳಗೆ ಸುಮ್ಮನೆ ನೇತಾಡುವ ನಾಲ್ಕು ಪಿನ್ನಿನ ಬಿಳಿ ಕನೆಕ್ಟರ್ ಹುಡುಕಿ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಕಪ್ಪು ವೈರಿನ ಪಿನ್ನಿಗೆ ಹಿಡಿಯಿರಿ. ಕಂಪ್ಯೂಟರ್ ಓಡುತ್ತಿರುವಾಗ ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪು ವೈರಿನಲ್ಲಿ 4.75ರಿಂದ 5.25 ವೋಲ್ಟ್ ಬರಬೇಕು. ಒಂದು ಕಡ್ಡಿ ಎರಡು ಪಿನ್ನಿಗೆ ತಾಗದಂತೆ ನೋಡಿಕೊಳ್ಳಿ. ಇದಕ್ಕಿಂತ ಕಡಿಮೆ ಬಂದರೆ ತೀರ್ಪು ಆದಂತೆಯೇ. ಸರಿಯಾಗಿ ಬಂದರೆ ಮಾತ್ರ ಅದು ನಿರಪರಾಧಿ ಎನ್ನಬೇಡಿ. ಏಳುವ ಕ್ಷಣದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ವೋಲ್ಟೇಜ್ ಕುಸಿದರೆ ನಮ್ಮ ಸಾದಾ ಮೀಟರ್‌ಗೆ ಅದು ಕಾಣುವುದೇ ಇಲ್ಲ.

ಹಾಗಾಗಿ ನಂಬಿಕೆಯ ಪರೀಕ್ಷೆ ಒಂದೇ: ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುವುದು. ಪಕ್ಕದ ಮನೆಯವರದು ನಾಲ್ಕೈದು ದಿನಕ್ಕೆ ತನ್ನಿ. ದೊಡ್ಡ 24 ಪಿನ್ನಿನ ಕನೆಕ್ಟರ್ ಹಾಕಿ, ಪ್ರೊಸೆಸರ್ ಹತ್ತಿರದ ನಾಲ್ಕು ಪಿನ್ನಿನದನ್ನು ಮರೆತುಬಿಡುತ್ತಾರೆ. ಅದಿಲ್ಲದೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ‘ಇದೂ ಕೆಟ್ಟೇತಿ’ ಎಂದು ತಿರುಗಿ ಕೊಟ್ಟು ಬರುತ್ತಾರೆ! ಹಾಗೆಯೇ, ಹಿಂದೆ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. 115ಕ್ಕೆ ತಿರುಗಿಸಿ ಪ್ಲಗ್ ಹಾಕಿದರೆ ಢಬ್ ಎನ್ನುತ್ತದೆ. ಹೊಸದನ್ನು ಹಾಕಿ ಒಮ್ಮೆ ಚಾಲೂ ಆದ ಕೂಡಲೇ ಗೆದ್ದೆವು ಅನ್ನಬೇಡಿ. ರಾತ್ರಿಯೆಲ್ಲ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ಹಚ್ಚಿ. ಹಾಗೆ ಮೂರ‍್ನಾಲ್ಕು ಬೆಳಿಗ್ಗೆ ಮೊದಲ ಒತ್ತಿಗೇ ಎದ್ದರೆ ಆಗ ಒಪ್ಪಿಕೊಳ್ಳಿ.

ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಗಿ ನೋಡಿ. ಡಬ್ಬಿಯ ಮೇಲೆ 450 ವಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದು, ಒಳಗೆ ಹತ್ತಿಯಷ್ಟು ಹಗುರವಾಗಿರುವ ಮಾಲನ್ನು ನಾನಂತೂ ಪುಕ್ಕಟೆ ಕೊಟ್ಟರೂ ಹಾಕುವುದಿಲ್ಲ. ಹಳೆಯದನ್ನು ಬಿಚ್ಚಿ ರಿಪೇರಿ ಮಾಡುವ ಧೈರ್ಯವೂ ಬೇಡ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ

ಮದರ್‌ಬೋರ್ಡ್ ಮೇಲಿನ ಸಣ್ಣ ಡ್ರಮ್ಮಿನಂಥ ಕೆಪಾಸಿಟರ್‌ಗಳ ನೆತ್ತಿ ನೋಡಿ. ಅದು ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಸಿಕ್ಕಿತು ಕಾರಣ. 2000ದ ದಶಕದ ಮೊದಲ ವರ್ಷಗಳ ಬೋರ್ಡ್‌ಗಳಲ್ಲಿ ಇದು ಜಗತ್ತಿನ ತುಂಬ ಕಾಡಿದ ರೋಗ. ಚೆನ್ನಾಗಿ ಬೆಸುಗೆ ಹಾಕುವ ಟಿವಿ ರಿಪೇರಿಯವರು ಇದನ್ನು ಬದಲಿಸಿಕೊಡಬಲ್ಲರು. 105 ಡಿಗ್ರಿ ಬಿಸಿ ತಾಳುವುದನ್ನೇ ಹಾಕಲು ಹೇಳಿ.

ಬೋರ್ಡೇ ಹೋಗಿದ್ದರೆ ಅದೇ ಮಾಡೆಲ್ ಹುಡುಕಿಕೊಂಡು ಅಲೆಯಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್‌ಗಳೇ 2025ರ ಅಕ್ಟೋಬರ್ 14ಕ್ಕೆ ನಿಂತವು. ಅಷ್ಟು ಹಳೆಯ ಯಂತ್ರಕ್ಕೆ ಜಾಸ್ತಿ ರೊಕ್ಕ ಸುರಿಯುವುದರಲ್ಲಿ ಅರ್ಥವಿಲ್ಲ. ಹಾರ್ಡ್‌ಡಿಸ್ಕ್ ಮಾತ್ರ ಗುಜರಿಗೆ ಹಾಕಬೇಡಿ. ಅದನ್ನು ಬಿಚ್ಚಿ, ಬೇರೆ ಕರೆಂಟ್ ಅಡಾಪ್ಟರ್ ಇರುವ ಸಾಟಾ-ಯುಎಸ್‌ಬಿ ಕೇಬಲ್ ತಂದು, ಯಾರದಾದರೂ ಲ್ಯಾಪ್‌ಟಾಪಿಗೆ ಜೋಡಿಸಿ. ಫೋಟೊಗಳೆಲ್ಲ ಅಲ್ಲೇ ಇರುತ್ತವೆ.