ಹಳೇ ಡೀಸೆಲ್ ಕಾರು ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ: ನಾನು ದೋಷ ಹುಡುಕುವ ಕ್ರಮ

ಹಳೇ ಡೀಸೆಲ್ ಗಾಡಿ ಬೆಳಗ್ಗೆ ಮುಷ್ಕರ ಹೂಡಿದರೆ ಹೆಚ್ಚಿನವರು ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿಸುತ್ತಾರೆ, ಕೊನೆಗೆ ಡೀಸೆಲ್ ಪಂಪಿಗೇ ಕೈ ಹಾಕುತ್ತಾರೆ. ನಾನು ಸ್ಪ್ಯಾನರ್‌ಗಿಂತ ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ. ಇಲ್ಲಿರುವ ವಿವರ ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ನಾಲ್ಕು ಸಿಲಿಂಡರ್ ಎಂಜಿನ್‌ಗೆ ಹೊಂದುವಂಥದ್ದು.

ಮೊದಲ ಪ್ರಶ್ನೆ, ಸೆಲ್ಫ್ ಎಷ್ಟು ಜೋರಾಗಿ ತಿರುಗುತ್ತಿದೆ? ಡೀಸೆಲ್ ಹೊತ್ತಿಕೊಳ್ಳುವುದು ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದ. ಎಂಜಿನ್ ನಿಧಾನವಾಗಿ ತಿರುಗಿದರೆ ಆ ಶಾಖ ಸಿಲಿಂಡರ್ ಗೋಡೆಗೇ ಹೋಗಿಬಿಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಎಳೆದೆಳೆದು ತಿರುಗಿದರೆ ನನ್ನ ಮೊದಲ ಅನುಮಾನ ಅರ್ತ್ ವೈರ್ (ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್‌ಗೆ ಹೋಗುವ ದಪ್ಪ ವೈರ್) ಮೇಲೆ. ಇದನ್ನು ಓಮ್ಸ್‌ನಲ್ಲಿ ಅಳೆದು ಮೋಸ ಹೋಗುವವರೇ ಜಾಸ್ತಿ. ಹತ್ತಾರು ಎಳೆಗಳಲ್ಲಿ ನಾಲ್ಕೇ ಉಳಿದಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಸೆಲ್ಫ್ 250 ಆಂಪಿಯರ್ ಎಳೆಯುವಾಗ ಬರೀ 0.005 ಓಮ್ ತಡೆ ಇದ್ದರೂ 1.25 ವೋಲ್ಟ್ ಅಲ್ಲೇ ಕರಗುತ್ತದೆ. ಹಾಗಾಗಿ ಕರೆಂಟ್ ಹರಿಯುವಾಗಲೇ ಅಳೆಯಬೇಕು. ಪಂಪಿನ ಸ್ಟಾಪ್ ಸೊಲೆನಾಯ್ಡ್ (ಕರೆಂಟ್ ಸಿಕ್ಕಾಗ ಮಾತ್ರ ಡೀಸೆಲ್ ಬಿಡುವ ವಾಲ್ವ್) ವೈರ್ ಕಳಚಿ ತುದಿಗೆ ಟೇಪ್ ಸುತ್ತಿ. ಇನ್ನು ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ. ಇನ್ನೊಬ್ಬರು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. 0.3 ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ಹೀಗೇ ನೋಡಿ, ಅಲ್ಲಿ 0.5ರ ಒಳಗಿರಬೇಕು. ಕೆಟ್ಟ ವೈರಿನ ಲಗ್ (ತುದಿಯ ಲೋಹದ ಬಳೆ) ಪಕ್ಕದ ರಬ್ಬರನ್ನು ಬ್ಲೇಡಿನಿಂದ ಸೀಳಿದರೆ ಸಾಮಾನ್ಯವಾಗಿ ಒಳಗೆ ಹಸಿರು ಪುಡಿ ಕಾಣುತ್ತದೆ. ಅದನ್ನು ಉಜ್ಜಿ ಮತ್ತೆ ಹಾಕುವುದು ದಂಡ. ವೈರ್ ಬದಲಿಸಿ, ಅದು ಕೂರುವ ಜಾಗದ ಪೇಂಟನ್ನು ಕೆರೆದು ಬೋಲ್ಟ್ ಬಿಗಿಯಿರಿ.

ಕಳಚಿದ ಸೊಲೆನಾಯ್ಡ್ ವೈರನ್ನು ಮರಳಿ ಹಾಕಿದ ಮೇಲೂ, ಸೆಲ್ಫ್ ಚುರುಕಾಗಿದ್ದೂ ಎಂಜಿನ್ ಹಿಡಿಯದಿದ್ದರೆ ಸೈಲೆನ್ಸರ್ ಕಡೆ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರುತ್ತಿಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಬಿಳಿ ಹೊಗೆಯಿದ್ದರೆ ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ನಿನ ಒಳಗನ್ನು ಕಾಯಿಸುವ ಕಡ್ಡಿ) ನೋಡಬೇಕು. ಡಿಸಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವಂಥದ್ದು) ಇದ್ದರೆ ಏನನ್ನೂ ಬಿಚ್ಚಬೇಕಿಲ್ಲ. ಪ್ಲಗ್‌ಗಳಿಗೆ ಹೋಗುವ ದಪ್ಪ ವೈರಿಗೆ ಹಾಕಿ ಕೀ ಆನ್ ಮಾಡಿ. ಒಂದೊಂದು ಪ್ಲಗ್ 10ರಿಂದ 15 ಆಂಪಿಯರ್ ಎಳೆಯುತ್ತದೆ. ನಾಲ್ಕಕ್ಕೂ ಸೇರಿ 48 ಬರಬೇಕಾದ ಗಾಡಿಯಲ್ಲಿ 24 ಬಂದರೆ ಎರಡು ಸತ್ತಿವೆ. ಸೊನ್ನೆ ಬಂದರೆ ಪ್ಲಗ್‌ಗಳನ್ನು ಬಯ್ಯಬೇಡಿ, ರಿಲೇ ಮತ್ತು ದೊಡ್ಡ ಫ್ಯೂಸ್ ನೋಡಿ. ಪ್ಲಗ್ ಬಿಚ್ಚುವುದು ಎಂಜಿನ್ ಬಿಸಿಯಿದ್ದಾಗ, ಹಿಂದಿನ ದಿನವೇ ಎಣ್ಣೆ ಬಿಟ್ಟು. ತಣ್ಣಗಿದ್ದಾಗ ಬಲವಂತ ಮಾಡಿದರೆ ತುದಿ ಹೆಡ್ಡಿನೊಳಗೇ ಮುರಿಯುತ್ತದೆ. ಹೀಟರ್ ಇರುವ ಎಂಜಿನ್‌ಗೆ ಈಥರ್ ಸ್ಪ್ರೇ ಹೊಡೆಯಲೇಬಾರದು, ಕಾದ ಪ್ಲಗ್ ತಾಗಿ ಒಳಗೇ ಸ್ಫೋಟವಾಗುತ್ತದೆ. ಪ್ಲಗ್ ನಾಲ್ಕೂ ಸರಿಯಿದ್ದು ಹೊಗೆ ನಿಲ್ಲದಿದ್ದರೆ ಪಂಪ್ ಟೈಮಿಂಗ್ ಅಥವಾ ಕಂಪ್ರೆಷನ್. ಕಂಪ್ರೆಷನ್ ಅಳೆಯಲು ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಗೇಜೇ ಬೇಕು, ಪೆಟ್ರೋಲ್ ಎಂಜಿನ್ನಿನದು ತಡೆಯುವುದಿಲ್ಲ.

ಹೊಗೆಯಿಲ್ಲದಿದ್ದರೆ ಮೊದಲು ಸ್ಟಾಪ್ ಸೊಲೆನಾಯ್ಡ್. ಕೀ ಆನ್ ಇಟ್ಟು ಅದರ ವೈರ್ ತೆಗೆದು ಮುಟ್ಟಿಸಿದರೆ ಟಕ್ ಎಂದು ಕೇಳಬೇಕು. ಕೇಳದಿದ್ದರೆ ವೈರಿನಲ್ಲಿ 12 ವೋಲ್ಟ್ ಇದೆಯೇ ನೋಡಿ. ಸೆಲ್ಫ್ ಹೊಡೆಯುವಾಗಲೂ ಅಳೆಯಿರಿ, ಕೀ ಆನ್‌ನಲ್ಲಿ ಇದ್ದು ಆಗ ಮಾಯವಾದರೆ ಇಗ್ನಿಷನ್ ಸ್ವಿಚ್ ಸವೆದಿದೆ.

ಅದೂ ಸರಿಯಿದ್ದರೆ ಏರ್ ಹಿಡಿದಿದೆ, ಅಂದರೆ ಡೀಸೆಲ್ ಲೈನಿಗೆ ಗಾಳಿ ಸೇರಿದೆ. ಗಾಡಿ ಸ್ಟಾರ್ಟ್ ಆಗಿ, ಹತ್ತು ಸೆಕೆಂಡ್ ಓಡಿ, ಆಫ್ ಆಗಿ, ಮತ್ತೆ ಬಹಳ ಹೊತ್ತು ಸೆಲ್ಫ್ ಕೇಳುವುದು ಇದರ ಗುರುತು. ಪಂಪ್ ಟ್ಯಾಂಕಿನಿಂದ ಡೀಸೆಲ್ ಹೀರುವ ಲೈನಿನಲ್ಲಿ ಸೀಳು ಬಿಟ್ಟರೆ ಹೊರಗೆ ಹನಿ ಕಾಣಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಪಂಪಿನ ಬಾಯಿಗೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿದರೆ ಗುಳ್ಳೆಗಳ ಸಾಲು ಕಣ್ಣಿಗೇ ಕಾಣುತ್ತದೆ. ಅದೇ ತುಂಡನ್ನು ಫಿಲ್ಟರಿನ ಆಚೆ, ಟ್ಯಾಂಕ್ ಕಡೆಗೆ ಹಾಕಿ. ಅಲ್ಲಿ ಗುಳ್ಳೆ ಇಲ್ಲದಿದ್ದರೆ ದೋಷ ಫಿಲ್ಟರಿನ ಸೀಲ್ ಅಥವಾ ಕೈ ಪಂಪಿನಲ್ಲಿ (ಲೈನಿಗೆ ಡೀಸೆಲ್ ತುಂಬಲು ಕೈಯಲ್ಲಿ ಒತ್ತುವ ಪಂಪ್). ಇದ್ದರೆ ಟ್ಯಾಂಕಿನಿಂದ ಬರುವ ಪೈಪಿನಲ್ಲಿ. ನಾಜಲ್‌ಗಳ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಮೇಲಿನ, ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ಸಣ್ಣ ರಿಟರ್ನ್ ಪೈಪ್‌ಗಳು, ಕೊನೆಯ ನಾಜಲ್ಲಿನಲ್ಲಿ ಆ ಪೈಪಿನ ಬಾಯಿ ಮುಚ್ಚುವ ಕುರುಡು ಟೋಪಿ ಕೂಡ ಗಾಳಿ ಎಳೆಯುತ್ತವೆ. ಎಲ್ಲರೂ ಮರೆಯುವ ಜಾಗ ಇದೇ. ಬಗ್ಗಿಸಿದಾಗ ಬಿರುಕು ಕಂಡರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ.

ಸರಿಪಡಿಸಿದ ಮೇಲೆ ಕೈ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ನಾಜಲ್ ಕಡೆಯ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಬಟ್ಟೆ ಸುತ್ತಿ ಸೆಲ್ಫ್ ಹೊಡೆಯಿರಿ. ನೊರೆ ಹೋಗಿ ಬರೀ ಡೀಸೆಲ್ ಚಿಮ್ಮಿದ ತಕ್ಷಣ ಬಿಗಿಯಿರಿ. ಒಂದು ಸಲಕ್ಕೆ 10 ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು, ಇಲ್ಲದಿದ್ದರೆ ಸೆಲ್ಫ್ ಸುಡುತ್ತದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ (ಕಂಪ್ಯೂಟರ್ ನಿಯಂತ್ರಣದ ಹೊಸ ಬಗೆಯ ಡೀಸೆಲ್) ಮಾತ್ರ ಈ ನಟ್‌ಗಳನ್ನು ಸಡಿಲಿಸುವಂತೆಯೇ ಇಲ್ಲ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ.

ಎಂಜಿನ್ ಓಡತೊಡಗಿದ ಮೇಲೆ ಬ್ಯಾಟರಿ ಕಂಬಗಳಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಮೀಟರನ್ನು ಎಸಿಗೆ ತಿರುಗಿಸಿದಾಗ 0.5 ವೋಲ್ಟಿಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ. ಅಂಥ ಡಯೋಡ್ ಗಾಡಿ ನಿಂತಾಗಲೂ ಬ್ಯಾಟರಿ ಹೀರಬಲ್ಲದು. ಚಾರ್ಜೇ ಆಗದಿದ್ದರೆ ಆಲ್ಟರ್ನೇಟರ್ ಇಳಿಸುವ ಮುಂಚೆ ಡ್ಯಾಶ್‌ಬೋರ್ಡಿನ ಚಾರ್ಜ್ ದೀಪ ಕೀ ಆನ್‌ನಲ್ಲಿ ಉರಿಯುತ್ತದೆಯೇ ನೋಡಿ. ಹಲವು ಹಳೇ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ.