ಕೋವಿಗೆ ಸ್ಕೋಪ್ ಎಲ್ಲಿ ಕೂರಿಸಬೇಕು?

ತೀರ್ಥಹಳ್ಳಿ, ಹೊಸನಗರದ ಕಡೆ ಹೆಚ್ಚಿರುವ ಜೋಡಿ ನಳಿಗೆ ಕೋವಿಗೆ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಬೇಡ. ಎರಡೂ ನಳಿಗೆಯ ಗುಂಡು ಒಂದೇ ಕಡೆ ಬೀಳುವುದು ಅಪರೂಪ. ಸಣ್ಣ ಗುಂಡುಗಳು ಚದುರಿ ಹಾರುವ ಚರೆ ತೋಟಾಕ್ಕೂ ಸ್ಕೋಪ್ ವ್ಯರ್ಥ, ಒಂಟಿ ಗುಂಡಿನ ತೋಟಾಕ್ಕಷ್ಟೇ ಉಪಯೋಗ. ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ, ಹಾಗಾಗಿ ಇದು ಶೂಟಿಂಗ್ ರೇಂಜಿನ ಗುರಿ ಅಭ್ಯಾಸದ ಮಾತು.

ಮುಂಗೈಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಕೋವಿಯ ನಳಿಗೆ ಬಿಚ್ಚಿ ಹಾಕುವಂಥದ್ದು. ಸ್ಕೋಪ್ ನಳಿಗೆಗೇ ಬೆಸೆದು ಹಿಂದಕ್ಕೆ ಚಾಚಿದ ಕ್ಯಾಂಟಿಲಿವರ್ ಪಟ್ಟಿಯ ಮೇಲಿದ್ದರೆ, ತೊಳೆದು ಮತ್ತೆ ಜೋಡಿಸಿದರೂ ಗುರಿ ಅಷ್ಟಾಗಿ ಕದಲದು. ಕೋವಿಯ ಮೈಮೇಲೆ ತಡಿಯಂತೆ ಕೂತು ಅದರ ಪಿನ್ನುಗಳಿಗೆ ಬಿಗಿಯುವ ಸ್ಯಾಡಲ್ ಮೌಂಟಿಗೆ ಕೊರೆಯುವ ಕೆಲಸವಿಲ್ಲ ನಿಜ, ಆದರೆ 12 ಬೋರಿನ ಒದೆತಕ್ಕೆ ಸಡಿಲವಾಗಬಹುದು. ಕೋವಿಯ ಮೈಗೆ ರಂಧ್ರ ಕೊರೆಸಿ ಸ್ಕೋಪ್ ಕೂರಿಸುವುದಾದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲೇ, ಲೇತ್ ಅಂಗಡಿಯಲ್ಲಿ ಬೇಡವೇ ಬೇಡ.

ಕಣ್ಣಿಗೂ ಸ್ಕೋಪಿಗೂ ಕನಿಷ್ಠ 9 ಸೆಂ.ಮೀ. ಅಂತರವಿರಲಿ, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ. ಸ್ಕ್ರೂಗಳ ಎಣ್ಣೆ ಒರೆಸಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಯಿರಿ.