ಕೊರಿಯನ್ ಓದಲು ಕೊರಿಯಾಗೆ ಹೊರಟವರಿಗೆ

ವಿಶ್ವವಿದ್ಯಾಲಯದ ಹೆಸರು ಹುಡುಕುವ ಮೊದಲು ಯಾವ ಬಾಗಿಲಿಂದ ಒಳಗೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳಿ. ಒಂದೇ ಕ್ಯಾಂಪಸ್ಸಿನಲ್ಲಿ ಕೊರಿಯನ್ ಓದುವ ಜಾಗ ಮೂರಿರುತ್ತವೆ. ಒಂದರಲ್ಲಿ ಸೇರಿ, ಇನ್ನೊಂದು ಬೇಕಿತ್ತು ಎಂದು ಆಮೇಲೆ ಪೇಚಾಡುವವರು ಕಡಿಮೆಯಿಲ್ಲ.

ಮೊದಲನೆಯದು ಭಾಷಾ ಸಂಸ್ಥೆ, ಅಲ್ಲಿನವರ ಬಾಯಲ್ಲಿ 'ಒಹಾಕ್‌ದಾಂಗ್'. ಇಲ್ಲಿ ಪದವಿ ಸಿಗದು, ಭಾಷೆ ಮಾತ್ರ. ವರ್ಷಕ್ಕೆ ನಾಲ್ಕು ಅವಧಿ; ಒಂದೊಂದೂ 10 ವಾರ, 200 ಗಂಟೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ನಾಲ್ಕು ಗಂಟೆ, ಹೆಚ್ಚಿನ ಕಡೆ ಬೆಳಿಗ್ಗೆ 9ರಿಂದ 1ರವರೆಗೆ. ಒಟ್ಟು ಆರು ಹಂತ, ಎಲ್ಲೂ ಫೇಲಾಗದಿದ್ದರೆ ಒಂದೂವರೆ ವರ್ಷ. ಸಿಯೋಲಿನ ಹೆಸರಾಂತ ಕಡೆಗಳಲ್ಲಿ ಒಂದು ಅವಧಿಯ ಶುಲ್ಕ 18 ಲಕ್ಷ ವಾನ್ ಆಸುಪಾಸು. ಬೇರೆ ಊರುಗಳಲ್ಲಿ ಸಾಕಷ್ಟು ಕಡಿಮೆ. 1959ರಲ್ಲಿ ಶುರುವಾದ ಯೊನ್ಸೆ ವಿಶ್ವವಿದ್ಯಾಲಯದ ಸಂಸ್ಥೆ ವ್ಯಾಕರಣ, ಬರವಣಿಗೆಗಳಲ್ಲಿ ಬಿಗಿ. ಸೊಗಾಂಗ್ ವಿಶ್ವವಿದ್ಯಾಲಯದ್ದು ಮಾತಿಗೆ ಹೆಸರುವಾಸಿ. ವೀಸಾ ಡಿ-4.

ಎರಡನೆಯದು 'ಗುಂಗ್‌ಮುನ್', ಕೊರಿಯನ್ ಭಾಷೆ-ಸಾಹಿತ್ಯ ವಿಭಾಗ. ಹೆಸರು ನೋಡಿ ಮೋಸಹೋಗುವುದು ಇಲ್ಲಿಯೇ. ಕೊರಿಯನ್ನರಿಗಾಗಿ ಇರುವ ವಿಭಾಗ ಇದು, ನಮ್ಮ ಕನ್ನಡ ಎಂ.ಎ. ಇದ್ದಂತೆ. ಅಲ್ಲಿ ಭಾಷೆ ಕಲಿಸುವುದಿಲ್ಲ; 15ನೇ ಶತಮಾನದ ಕೊರಿಯನ್ ಪಠ್ಯವನ್ನು ಮುಂದಿಟ್ಟು ಓದಿ ಎನ್ನುತ್ತಾರೆ. ಮೂರನೆಯದು ಕೊರಿಯನ್ ಅಧ್ಯಯನ, ಅಂದರೆ ಇತಿಹಾಸ, ಸಮಾಜ, ಸಂಸ್ಕೃತಿ ಸೇರಿದ ಕೋರ್ಸು. ಸಂಸ್ಕೃತಿಯ ಮೇಲೆ ಆಸೆಯಿಟ್ಟು ಹೊರಟವರಲ್ಲಿ ಬಹುಪಾಲು ಜನರಿಗೆ ಒಪ್ಪುವುದು ಇದೇ. ಸ್ನಾತಕೋತ್ತರ ಓದಿಗೆ ಸೊಂಗ್‌ನಾಮಿನ ಕೊರಿಯನ್ ಅಧ್ಯಯನ ಅಕಾಡೆಮಿಯನ್ನೂ ನೋಡಿ. ಮುಂದೆ ಕೊರಿಯನ್ ಮೇಷ್ಟ್ರಾಗುವ ಮನಸ್ಸಿದ್ದರೆ 'ವಿದೇಶಿಯರಿಗೆ ಕೊರಿಯನ್ ಬೋಧನೆ' ಎಂಬ ಪ್ರತ್ಯೇಕ ವಿಷಯವಿದೆ. ಅಲ್ಲಿನ ಸರ್ಕಾರದ ಬೋಧಕ ಪ್ರಮಾಣಪತ್ರಕ್ಕೆ ವಿದೇಶಿಯರು ಟೋಪಿಕ್ (ಕೊರಿಯನ್ ಭಾಷಾ ಸಾಮರ್ಥ್ಯದ ಪರೀಕ್ಷೆ) 6ನೇ ಹಂತವನ್ನೂ ತೋರಿಸಬೇಕು. ಈ ಪದವಿಗಳಿಗೆಲ್ಲ ವೀಸಾ ಡಿ-2. ತರಗತಿ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಶುರು.

ಕೈಯಲ್ಲಿ ದುಡ್ಡಿಲ್ಲದವರಿಗೆ ಕೊರಿಯಾ ಸರ್ಕಾರದ ವಿದ್ಯಾರ್ಥಿವೇತನ ಜಿಕೆಎಸ್ ಇದೆ. ಪದವಿಗೆ 25ರೊಳಗಿನ, ಸ್ನಾತಕೋತ್ತರಕ್ಕೆ 40ರೊಳಗಿನ ವಯಸ್ಸು. ಅಂಕ 80 ಶೇಕಡಾ ಮೇಲಿರಬೇಕು. ಸ್ನಾತಕೋತ್ತರದ ಅರ್ಜಿ ಫೆಬ್ರವರಿ-ಮಾರ್ಚ್, ಪದವಿಯದ್ದು ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ. ಮೊದಲ ವರ್ಷ ಭಾಷೆಗೇ ಮೀಸಲು, ಅದೂ ಹೆಚ್ಚಾಗಿ ಬೇರೆ ಊರಿನ ಬೇರೆ ವಿಶ್ವವಿದ್ಯಾಲಯದಲ್ಲಿ. ವರ್ಷದ ಕೊನೆಗೆ ಟೋಪಿಕ್ 3 ದಾಟಬೇಕು. ದಾಟದಿದ್ದರೆ ಇನ್ನಾರು ತಿಂಗಳು ಅವಕಾಶ, ಆಮೇಲೂ ಆಗದಿದ್ದರೆ ವೇತನ ನಿಲ್ಲುತ್ತದೆ.

ಕಾಗದಪತ್ರ

ಕರ್ನಾಟಕದವರ ಅರ್ಜಿ ಸಿಕ್ಕಿಕೊಳ್ಳುವುದು ಅಂಕದಲ್ಲಲ್ಲ, ಇನಿಷಿಯಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ರಮ್ಯ ಕೆ.ಎಸ್.' ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಊರು, ತಂದೆಯ ಹೆಸರು ಬಿಡಿಸಿಕೊಂಡು ಉದ್ದವಾಗಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿಯಿರುತ್ತದೆ. ಕೊರಿಯಾದ ಗುಮಾಸ್ತರ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ಜನ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ನೋಟರಿ ಹತ್ತಿರ ಮೊದಲೇ ಮಾಡಿಸಿಡಿ. ಆದರೆ ಸಾಧ್ಯವಿದ್ದರೆ ಪಾಸ್‌ಪೋರ್ಟನ್ನೇ ಸರಿಪಡಿಸಿಕೊಂಡು ಹೊರಡುವುದು ಲೇಸು. ಯಾಕೆಂದರೆ ಅಲ್ಲಿ ಬ್ಯಾಂಕು, ಮೊಬೈಲು, ವಿಶ್ವವಿದ್ಯಾಲಯ ಮೂರೂ ಕಡೆ ಹೆಸರಿನ ಅಕ್ಷರ, ಅನುಕ್ರಮ, ನಡುವಿನ ಖಾಲಿ ಜಾಗ ಒಂದೇ ಥರ ಇರಬೇಕು. ಇಲ್ಲದಿದ್ದರೆ ಆನ್‌ಲೈನ್ ಗುರುತು ಪರಿಶೀಲನೆ ಆಗುವುದೇ ಇಲ್ಲ.

ಪಿಯುಸಿ ಅಥವಾ ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೈಲ್ (ಹೊರದೇಶದಲ್ಲೂ ನಡೆಯುವ ದೃಢೀಕರಣ ಮುದ್ರೆ). ಜನನ ಪತ್ರ ಕನ್ನಡದಲ್ಲಿದ್ದರೆ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಬೇಕು. ತಂದೆ-ತಾಯಿಯ ಹೆಸರು ಅದರಲ್ಲಿ ಇದೆಯೇ ನೋಡಿಕೊಳ್ಳಿ. ಕ್ಷಯರೋಗ ಇಲ್ಲವೆಂಬ ಪತ್ರ ಕೇಳುವ ದೇಶಗಳ ಪಟ್ಟಿಯಲ್ಲಿ ಭಾರತವಿದೆ. ಆ ಪತ್ರವನ್ನು ಕೊರಿಯಾದ ರಾಯಭಾರ ಕಚೇರಿ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಮಾಡಿಸಿದರಷ್ಟೇ ಲೆಕ್ಕ, ಬೀದಿ ಕೊನೆಯ ಲ್ಯಾಬಿನದು ನಡೆಯದು. ಖಾತೆಯಲ್ಲಿ ಡಿ-4ಕ್ಕೆ 1 ಕೋಟಿ ವಾನ್, ಅಂದರೆ ಸುಮಾರು ಆರು ಲಕ್ಷ ರೂಪಾಯಿ, ಡಿ-2ಕ್ಕೆ ಅದರ ಎರಡರಷ್ಟು ತೋರಿಸಬೇಕು. ಸಿಯೋಲ್ ಪ್ರದೇಶದ ಹೊರಗೆ ಸ್ವಲ್ಪ ರಿಯಾಯಿತಿ. ಅರ್ಜಿಯ ಹಿಂದಿನ ವಾರ ಒಮ್ಮೆಗೇ ಬಂದು ಬಿದ್ದ ಮೊತ್ತ ಅನುಮಾನಕ್ಕೆ ದಾರಿ.

ಇಳಿದ ಮೇಲೆ 90 ದಿನದೊಳಗೆ ವಿದೇಶಿ ನೋಂದಣಿ ಕಾರ್ಡು ಮಾಡಿಸಬೇಕು. ವಲಸೆ ಇಲಾಖೆಯ ಹೈಕೊರಿಯಾ ತಾಣದಲ್ಲಿ ಸಮಯ ಕಾದಿರಿಸಿ. ಮಾರ್ಚ್, ಸೆಪ್ಟೆಂಬರಿನಲ್ಲಿ ಎಲ್ಲರೂ ಮುಗಿಬೀಳುವುದರಿಂದ ಬಂದ ವಾರವೇ ಹಿಡಿಯಿರಿ. ಆರೋಗ್ಯ ವಿಮೆ ಡಿ-2ದವರಿಗೆ ನೋಂದಣಿಯಾದ ದಿನದಿಂದ, ಡಿ-4ರವರಿಗೆ ಆರು ತಿಂಗಳ ನಂತರ ಕಡ್ಡಾಯ. ಕಂತು ಬಾಕಿ ಉಳಿದರೆ ವೀಸಾ ವಿಸ್ತರಣೆಗೆ ತೊಡಕು. ಡಿ-4ರಲ್ಲಿ ಪಾರ್ಟ್‌ಟೈಮ್ ಕೆಲಸವೂ ಆರು ತಿಂಗಳಾದ ಮೇಲೆ, ಅನುಮತಿ ಪಡೆದು ಮಾತ್ರ. ಹಾಜರಿ 80 ಶೇಕಡಾ ಇಲ್ಲದಿದ್ದರೆ ಹೆಚ್ಚಿನ ಸಂಸ್ಥೆಗಳಲ್ಲಿ ಅಂಕ ಎಷ್ಟೇ ಬಂದರೂ ಆ ಹಂತ ಫೇಲ್.

ತರಗತಿಯೊಳಗೆ

ಇಂಗ್ಲಿಷಿನ ಮೂಲಕ ಕೊರಿಯನ್ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. ಕ್ರಿಯಾಪದ ಕೊನೆಗೆ, ಪ್ರತ್ಯಯ ನಾಮಪದದ ಬೆನ್ನಿಗೆ ಎಂಬುದಷ್ಟೇ ಅಲ್ಲ ಕಾರಣ. 'ಮೊಗೊ ಬೊದ' ಅಂದರೆ ತಿಂದು ನೋಡು. 'ಬೊದ' ಎಂದರೆ ನೋಡುವುದೇ. 'ಹೆ ಜುದ' ಅಂದರೆ ಮಾಡಿಕೊಡು, 'ಜುದ' ಕೊಡುವುದು. 'ಹೆ ದುದ' ಅಂದರೆ ಮಾಡಿಡು, 'ದುದ' ಇಡುವುದು. 'ಮೊಗೊ ಬೊರಿದ' ಅಂದರೆ ತಿಂದುಬಿಡು, 'ಬೊರಿದ' ಬಿಸಾಡುವುದು. ಇಂಗ್ಲಿಷ್ ಪುಸ್ತಕಗಳು ಇವುಗಳಿಗೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ನಮಗೆ ಒಂದು ಸಾಲು ಸಾಕು. 'ಒಜೆ ಸಾನ್ ಛೆಕ್' ಅಂದರೆ 'ನಿನ್ನೆ ಕೊಂಡ ಪುಸ್ತಕ', ಪದಕ್ಕೆ ಪದ, ಅದೇ ಸಾಲು. ಎರಡು ಭಾಷೆ ನೆಂಟರು ಎಂದು ಇದರಿಂದ ಹೇಳಲಾಗದು, 'ಅಪ್ಪ'ನಿಗೆ ಅವರೂ 'ಆಪ್ಪ' ಅನ್ನುತ್ತಾರೆಂದು ಕುಣಿಯುವುದೂ ಬೇಡ. ಆದರೆ ಅನುಕೂಲವಂತೂ ಇದೆ.

ಕೈಕೊಡುವುದು ಉಚ್ಚಾರಣೆ. ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಅಭ್ಯಾಸ ಮೊದಲ ವಾರಕ್ಕೇ ಮುಗಿಯಲಿ (ಈ ಬರಹದಲ್ಲೇ ನೋಡಿ, ಎರಡು ಬೇರೆ ಸ್ವರಗಳಿಗೆ ಒಂದೇ 'ಒ' ಹಾಕಬೇಕಾಗಿದೆ). ಆ ಒಂದು 'ಒ'ಗೆ ತುಟಿ ದುಂಡಗೆ, ಇನ್ನೊಂದಕ್ಕೆ ದವಡೆ ಇಳಿಸಿ ತುಟಿ ಸಡಿಲ. ಸಡಿಲ ತುಟಿಯ 'ಖೊಪಿ' ಕಾಫಿ. ದುಂಡು ತುಟಿಯ 'ಖೊಪಿ' ಮೂಗಿನ ರಕ್ತ. ಹೋಟೆಲಿನಲ್ಲಿ ಕೇಳುವ ಮೊದಲು ಕನ್ನಡಿ ಮುಂದೆ ಹತ್ತು ಸಲ ಹೇಳಿ ನೋಡಿ. 'ತಾಲ್' ಮೂರು ಬಗೆ: ಚಂದ್ರ, ಮಗಳು, ಮುಖವಾಡ. ಮಗಳಿಗೆ ನಮ್ಮ ಗಟ್ಟಿ 'ತ', ಮುಖವಾಡಕ್ಕೆ 'ಥ'. ಚಂದ್ರನಿಗೆ 'ದ' ಎಂದು ಗುನುಗಿದರೆ ತಪ್ಪು. ತಗ್ಗಿದ ದನಿಯಲ್ಲಿ, ಸ್ವಲ್ಪ ಉಸಿರು ಬಿಟ್ಟು ಮೃದುವಾಗಿ ಹೇಳಬೇಕು. ಇನ್ನು ಬಸ್ಸು, ಕಾರು ಎಂದು ಕೊನೆಗೆ 'ಉ' ಅಂಟಿಸುವ ನಮ್ಮ ಚಾಳಿ. 'ಛೆಕ್' ಎಂಬಲ್ಲಿ ಕೊನೆಯ 'ಕ್'ಗೆ ಉಸಿರು ತಡೆದು ಅಲ್ಲೇ ನಿಲ್ಲಿಸಿ. 'ಛೆಕ್ಕು' ಅಂದರೆ ಅವರಿಗೆ ಬೇರೆ ಪದ ಕೇಳುತ್ತದೆ.

'ನೀವು' ಇನ್ನೊಂದು ಗುಂಡಿ. ನಿಘಂಟಿನಲ್ಲಿ ಅದಕ್ಕೆ 'ದಾಂಗ್‌ಶಿನ್' ಎಂದು ಸಿಗುತ್ತದೆ. ಮೇಷ್ಟ್ರಿಗೆ ಹಾಗೆಂದರೆ ಬಹುವಚನ ಕೊಟ್ಟಂತಾಗದು, ಜಗಳಕ್ಕೆ ನಿಂತಂತಾಗುತ್ತದೆ. 'ಸೊನ್‌ಸೆಂಗ್‌ನಿಮ್' ಅನ್ನಿ, ಸಹಪಾಠಿಗೆ ಹೆಸರಿನ ಜೊತೆ 'ಶಿ' ಸೇರಿಸಿ, ಇಲ್ಲವೇ ಸರ್ವನಾಮವನ್ನೇ ಬಿಟ್ಟುಬಿಡಿ. ಅಕ್ಕ-ಅಣ್ಣ ಎನ್ನುವ ರೂಢಿ ನಮಗಿದ್ದರೂ ಅಲ್ಲಿ ಕರೆಯುವವರು ಗಂಡೋ ಹೆಣ್ಣೋ ಎಂಬುದೂ ಮುಖ್ಯ: ಅಣ್ಣನಿಗೆ ಹುಡುಗಿ 'ಒಪ್ಪ' ಎಂದರೆ ಹುಡುಗ 'ಹ್ಯೊಂಗ್' ಅನ್ನಬೇಕು. ಲೆಕ್ಕ ಹತ್ತು ಸಾವಿರದ 'ಮಾನ್' ಮೇಲೆ ಸಾಗುತ್ತದೆ. ಬಾಡಿಗೆ 'ಒಶಿಪ್ ಮಾನ್' ಅಂದರೆ ಐವತ್ತು ಮಾನ್, ನಮ್ಮ ಎಣಿಕೆಯಲ್ಲಿ 5 ಲಕ್ಷ ವಾನ್.

ಟೋಪಿಕ್

ಹಂತ 1-2ಕ್ಕೆ ಒಂದು ಪರೀಕ್ಷೆ, 200 ಅಂಕ. 80 ಬಂದರೆ ಹಂತ 1, 140ಕ್ಕೆ ಹಂತ 2. ಹಂತ 3ರಿಂದ 6ಕ್ಕೆ ಇನ್ನೊಂದು, 300 ಅಂಕ. ಗೆರೆಗಳು 120, 150, 190, 230. ಪ್ರಮಾಣಪತ್ರ ಎರಡೇ ವರ್ಷ ಬಾಳುತ್ತದೆ, ಫಲಿತಾಂಶಕ್ಕೆ ತಿಂಗಳ ಮೇಲಾಗುತ್ತದೆ. ಪ್ರವೇಶದ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ ನೋಂದಾಯಿಸಿ. ದೊಡ್ಡ ಪರೀಕ್ಷೆಯಲ್ಲಿ ನಮ್ಮವರ ಅಂಕ ಸೋರುವುದು ಬರವಣಿಗೆಯಲ್ಲಿ. ನಾಲ್ಕೇ ಪ್ರಶ್ನೆ, ನೂರು ಅಂಕ; ಕೊನೆಯ, 54ನೇ ಪ್ರಶ್ನೆಯೊಂದಕ್ಕೇ 50. ಚೌಕ ಚೌಕದ ಹಾಳೆಯಲ್ಲಿ 600-700 ಅಕ್ಷರ ಬರೆಯಬೇಕು, ಪದಗಳ ನಡುವಿನ ಖಾಲಿ ಚೌಕವೂ ಲೆಕ್ಕಕ್ಕೆ ಸೇರುತ್ತದೆ. ದಿನವೂ ಮಾತಾಡುವ '-ಯೊ' ರೂಪ ಇಲ್ಲಿ ಬಂದರೆ ಅಂಕ ಕಳೆಯುತ್ತಾರೆ, ಪ್ರತಿ ವಾಕ್ಯವೂ ಗ್ರಾಂಥಿಕ '-ದ'ದಲ್ಲಿ ಮುಗಿಯಬೇಕು. ಕೊನೆಯ ಐದು ನಿಮಿಷ ಹೊಸ ವಾಕ್ಯ ಬರೆಯುವ ಬದಲು ವಾಕ್ಯಗಳ ಬಾಲವನ್ನಷ್ಟೇ ಓದಿಕೊಂಡು ಹೋಗಿ, '-ಯೊ' ಎಲ್ಲೆಲ್ಲಿ ನುಸುಳಿದೆಯೋ ಅಲ್ಲಲ್ಲಿ ತಿದ್ದಿ.